ಅಜ್ಜಯ್ಯನವರ ಅಂಗೈ
ಹರಿಹರದಲ್ಲಿ ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿದ ಪೋಸ್ಟ್‌ಮನ್ ಅಜ್ಜಯ್ಯನವರು ನಿವೃತ್ತರಾದರೂ ಅವರ ಕಾಲುಗಳು ಇನ್ನೂ ನಿವೃತ್ತಿಗೆ ಒಪ್ಪಿಲ್ಲ. ವಾರ್ಡಿನ ಸದಸ್ಯರು ಮೈಕಿನಲ್ಲಿ ‘ಮುನ್ನೂರು ಮನೆಗೆ ನಳ ಕೊಟ್ಟಿದ್ದೇವೆ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಇವರು ಮೊದಲನೇ ಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ‘ನಳ ಐತೇನವ್ವಾ? ಒಂದೀಟು ತಿರುವು, ನೋಡನ.’ ನಳ ಕಂಡರೆ ಸಾಲದು, ಅಂಗೈ ಒದ್ದೆಯಾಗಬೇಕು. ಒದ್ದೆಯಾದರಷ್ಟೇ ಪುಸ್ತಕದಲ್ಲಿ ಒಂದು ಗೀಟು. ‘ಪೈಪ್ ಹಾಕಿದಾರಲ್ರಿ’ ಎಂದು ಯಾರಾದರೂ ಸದಸ್ಯರ ಪರ ವಹಿಸಿದರೆ, ‘ವಿಳಾಸ ಬರೆದ ಮಾತ್ರಕ್ಕ ಕಾಗದ ಮುಟ್ಟಿದಂಗಾತೇನ್ರಿ?’ ಎಂದು ಬಾಯಿ ಮುಚ್ಚಿಸುತ್ತಾರೆ. ಆ ಮುನ್ನೂರು ಅವರ ಅಂಗೈಯಲ್ಲಿ ಇನ್ನೂರ ಹನ್ನೊಂದಕ್ಕೆ ಇಳಿದಾಗ ಸದಸ್ಯರ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಊರೆಲ್ಲ ಹೊಗಳುತ್ತಿದ್ದ ಆ ವಾರವೇ ಓಣಿಯ ಕೊನೆಯ ಕೊಟ್ರವ್ವ ಅವರನ್ನು ತಡೆದು ನಿಲ್ಲಿಸಿ, ‘ನಮ್ದು ಮನಿ ಅಲ್ಲೇನಪ್ಪಾ?’ ಎಂದು ಕೇಳಿದಳು. ಅವಳ ನಳದಲ್ಲಿ ಧಾರಾಳ ನೀರು. ಮುಂದಿನ ವಾರ್ಡ್ ಸಭೆಯಲ್ಲಿ ಅಜ್ಜಯ್ಯನವರೇ ಎದ್ದು ನಿಂತರು: ‘ತಪ್ಪು ನಂದೈತ್ರಿ. ಇನ್ನೂರ ಹನ್ನೆರಡು. ಕೊಟ್ರವ್ವನ ಮನಿಗೆ ಮೂವತ್ತು ವರ್ಷದಾಗ ಒಂದೂ ಕಾಗದ ಬಂದಿಲ್ಲ. ಅಭ್ಯಾಸಬಲ, ಕಾಲು ತಾನೇ ದಾಟಿಹೋತು.’ ಅವತ್ತಿನಿಂದ ಅವರ ಲೆಕ್ಕಕ್ಕೆ ವಾರ್ಡಿನಲ್ಲಿ ಎದುರು ಮಾತಿಲ್ಲ. ಈಗ ಸದಸ್ಯರು ಭಾಷಣದಲ್ಲಿ ಸಂಖ್ಯೆ ಬರುವ ಹೊತ್ತಿಗೆ ತಡವರಿಸಿ, ಜನರ ನಡುವೆ ಅವರನ್ನು ಹುಡುಕುತ್ತಾರೆ. ‘ಅಜ್ಜಯ್ಯನೋರೆ, ಎಷ್ಟು ಅಂತ ಹೇಳ್ಲಿ?’ ‘ತಡೀರಿ, ಇನ್ನೂ ಎರಡು ಓಣಿ ಬಾಕಿ ಅದಾವು’ ಎಂದು ಅವರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ, ಮೈಕು ಕಾಯುತ್ತದೆ.