ಹೆಲ್ವಿಯ ಮನೆಯಲ್ಲಿ ಉಂಡ ಇಬ್ಬರು

ಹೆಲ್ವಿ ಕಾಂಗಸ್‌ಳ ಗಂಡ ಐನೊ ಕಬ್ಬಿಣದ ಗಣಿಯಲ್ಲಿ ಡ್ರಿಲ್ ಹಿಡಿದವನು. ಮುಷ್ಕರದ ಚಳಿಗಾಲದಲ್ಲಿ ಗಣಿಯ ಗೇಟಿನ ಮುಂದೆ ಕಂಪನಿಯ ಕಾವಲಿನವನೊಬ್ಬ ಅವನ ಕಿವಿಯ ಮೇಲೆ ದೊಣ್ಣೆ ಬೀಸಿದ. ಅಂದಿನಿಂದ ಐನೊಗೆ ಎಡಗಿವಿ ಕೇಳಲಿಲ್ಲ, ಬಗ್ಗಿದರೆ ತಲೆ ಸುತ್ತುತ್ತಿತ್ತು. ಹೆಲ್ವಿ ದೂರು ಕೊಡಲು ಹೋದಾಗ ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಷೆರಿಫ್ ಕಾಫಿ ಹೀರುತ್ತಲೇ ಹೇಳಿದ್ದ: "ಮುಷ್ಕರ ಅಂದ್ಮೇಲೆ ಇವೆಲ್ಲ ಇದ್ದಿದ್ದೇ ತಾಯಿ. ಗೇಟಿಗೆ ಹೋದೋರು ಗೊತ್ತಿದ್ದೇ ಹೋಗಿರ್ತಾರೆ." ಕೇಸಾಗಲಿಲ್ಲ. ಐನೊ ಮಣ್ಣಾದ ಮೇಲೂ ಆ ಮಾತು ಅವಳ ಹೊಟ್ಟೆಯಲ್ಲಿ ಕರಗದೆ ಉಳಿಯಿತು.

ಅಮೆರಿಕದ ಮಿನಸೋಟಾದ ಈ ಗಣಿ ಊರುಗಳಲ್ಲಿ ಮಗು ನಡೆಯುವ ಮೊದಲೇ ಮಂಜುಗಡ್ಡೆಯ ಮೇಲೆ ಜಾರುತ್ತದೆ. ಕಾಲೇಜಿನ ಐಸ್ ಹಾಕಿ ತಂಡ ಸೇರಬೇಕಾದ ಹುಡುಗರು ಮೊದಲು ಈ ಊರುಗಳ ತಂಡಗಳಲ್ಲಿ ಆಡಿ ಪಳಗಬೇಕು. ದೂರದಿಂದ ಬಂದವರನ್ನು ಊರಿನ ಮನೆಗಳೇ ಇಟ್ಟುಕೊಂಡು ಸಾಕುತ್ತವೆ. ಮಕ್ಕಳಿಲ್ಲದ ಹೆಲ್ವಿ ಎಷ್ಟೋ ಹುಡುಗರನ್ನು ಸಾಕಿ ಕಳಿಸಿದಳು. ಕೊನೆಗೆ, ಐನೊ ಇನ್ನೂ ಇದ್ದಾಗಲೇ, ಬಂದವರು ಕೋಲ್ಬಿ ಮತ್ತು ಎಮ್ಮೆಟ್. ಮಾಳಿಗೆಯ ಒಂದೇ ಕೋಣೆ, ಎರಡು ಮಂಚ. ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಪಾಸ್ಟಿಯನ್ನು ತಟ್ಟೆಗೆ ಬೀಳುವ ಮೊದಲೇ ನುಂಗುತ್ತಿದ್ದರು. ಶನಿವಾರ ಹಿತ್ತಿಲ ಸೌನಾಗೆ, ಹಬೆಯ ಬಚ್ಚಲಿಗೆ, ಕೋಲ್ಬಿ ಸೌದೆ ಸೀಳಿದರೆ ಎಮ್ಮೆಟ್ ನೀರು ಹೊರುತ್ತಿದ್ದ. ಊರಿನ ಫಿನ್ನಿಶ್ ಮೊಮ್ಮಕ್ಕಳಂತೆ ಅವರೂ ಅವಳನ್ನು "ಮುಮ್ಮು" ಎಂದು, ಅಜ್ಜಿ ಎಂದು ಕರೆದರು. ಆಮೇಲೆ ಇಬ್ಬರೂ ಬೇರೆ ಬೇರೆ ಕಾಲೇಜಿಗೆ ಹೋದರು.

ಆ ಎರಡು ಕಾಲೇಜುಗಳ ಪಂದ್ಯಕ್ಕೆ ಹೆಲ್ವಿ ಗಂಟೆ ಬಾರಿಸಿ ಹುರಿದುಂಬಿಸಲು ಹೋಗಿದ್ದಳು, ಇಬ್ಬರನ್ನೂ. ಕೋಲ್ಬಿಯ ತಂಡ ಸೋಲುತ್ತಿತ್ತು. ಸೀಟಿ ಊದಿ ಆಟ ನಿಂತಿತ್ತು. ಎಮ್ಮೆಟ್ ಅಂಕಣದ ಸುತ್ತಲಿನ ಹಲಗೆಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಕೋಲ್ಬಿ ಹಿಂದಿನಿಂದ ಬಂದು, ಅಡ್ಡ ಹಿಡಿದ ಹಾಕಿ ಕೋಲಿನಿಂದ ಗುದ್ದಿದ. ಎಮ್ಮೆಟ್‌ನ ತಲೆ ಹಲಗೆಗೆ ಬಡಿಯಿತು. ಕತ್ತಿನ ಮೂಳೆ ಮುರಿದು, ಕತ್ತಿನಿಂದ ಕೆಳಗೆ ಮೈ ಸತ್ತಿತು.

ಸರ್ಕಾರಿ ವಕೀಲೆ ಕೋಲ್ಬಿಯ ಮೇಲೆ ಹಲ್ಲೆಯ ಕೇಸು ಹಾಕಿದಳು. ಊರಿನ ಕಾಫಿ ಅಂಗಡಿಯಲ್ಲಿ ಕೂತವರು ಕೆಂಡವಾದರು.

"ನಾಳೆ ಹೆಗಲು ತಗುಲಿದ್ರೂ ಪೊಲೀಸ್ ಕರೀತಾರೆ ನೋಡು!"

"ಎರಡು ಪಂದ್ಯ ಹೊರಗಿಟ್ರೆ ಸಾಕಾಗಿತ್ತು. ಹಾಕಿ ಅಂದ್ಮೇಲೆ ಇವೆಲ್ಲ ಇದ್ದಿದ್ದೇ."

ಹೆಲ್ವಿ ಲೋಟ ಕುಕ್ಕಿ ಎದ್ದುಬಂದಳು.

ಆಸ್ಪತ್ರೆಗೆ ಹೋದಾಗ ಎಮ್ಮೆಟ್ ಸೂರು ನೋಡುತ್ತಾ ಹೇಳಿದ, "ಯಾರೇ ಹತ್ರ ಬಂದ್ರೂ ಮೈ ಬಿಗಿ ಹಿಡೀತೀವಿ ಮುಮ್ಮು, ಅದು ಅಭ್ಯಾಸ. ತಿರುಗಿ ನೋಡ್ದೆ. ಕೋಲ್ಬಿ! ತಮಾಷೆಗೆ ಬರ್ತಿದಾನೆ ಅಂತ ನಕ್ಕು ಆ ಕಡೆ ತಿರುಗ್ದೆ. ಮೈ ಸಡಿಲ ಬಿಟ್ಬಿಟ್ಟೆ." ಆಮೇಲೆ, "ಇದನ್ನ ಯಾರಿಗೂ ಹೇಳ್ಬೇಡ. ಜೈಲಿಗೆ ಹೋಗ್ತಾನೆ," ಎಂದ.

ಹೆಲ್ವಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನ ಗದ್ದ ಒರೆಸಿದಳು.

ವಿಚಾರಣೆಗೆ ಮುಂಚಿನ ಶನಿವಾರ ಕೋಲ್ಬಿ ಬಂದ. ಹೇಳದೆಯೇ ಹಿತ್ತಿಲಿಗೆ ಹೋಗಿ ಕೊಡಲಿ ಎತ್ತಿಕೊಂಡ.

"ಮೊಂಡಾಗಿದೆ ಮುಮ್ಮು ಇದು."

"ನಾನೂ ಮೊಂಡಾಗಿದೀನಿ. ಸೀಳು."

ನಾಲ್ಕು ತುಂಡು ಸೀಳಿ ನಿಂತ. "ನೀನು ಕೋರ್ಟಿಗೆ ಬರ್ಬೇಕಂತೆ. ನಮ್ಮ ವಕೀಲ್ರು ಹೇಳಿದ್ರು. ಹುಡುಗ ಒಳ್ಳೇನು ಅಂತ ಹೇಳು. ಆಮೇಲೆ... ಹಾಕೀಲಿ ಇವೆಲ್ಲ ಇದ್ದಿದ್ದೇ ಅಂತ."

"ಮೊದಲನೇದು ಹೇಳ್ತೀನಿ. ಎರಡನೇದು ನನ್ನ ಬಾಯಲ್ಲಿ ಬರಲ್ಲ."

"ಎಲ್ರೂ ಅದನ್ನೇ ಹೇಳ್ತಿದಾರಲ್ಲ! ಎಮ್ಮೆಟ್ಟೂ ನನಗೆ ಬಾರಿಸಿಲ್ವಾ? ಯಾರಾದ್ರೂ ಪೊಲೀಸ್ ಕರೆದ್ರಾ?"

"ಸೀಟಿ ಊದಿದ್ಮೇಲೆ ಬಾರಿಸಿದ್ನಾ? ಹಿಂದಿನಿಂದ?"

ಕೋಲ್ಬಿ ಸೌದೆಯ ತುಂಡೊಂದನ್ನು ಕಾಲಿನಿಂದ ಹೊರಳಿಸಿದ. "ಕೋಚ್ ಹೆಗಲು ತಟ್ಟಿದ್ರು. ಸೋಲ್ತಿರೋವಾಗ ಆ ತಟ್ಟೋದಕ್ಕೆ ಒಂದೇ ಅರ್ಥ, ಬೆಂಚಲ್ಲಿರೋ ಎಲ್ರಿಗೂ ಗೊತ್ತು. ಹೋಗಿ ಯಾರನ್ನಾದ್ರೂ ಕೆಡವು."

"ಅದನ್ನ ಜಡ್ಜ್ ಮುಂದೆ ಹೇಳ್ತೀಯಾ?"

"ಹೇಳಿದ್ರೆ ಮುಂದೆ ಯಾವ ತಂಡ ನನ್ನ ತಗೊಳ್ಳತ್ತೆ?"

"ಹೆಡ್ಡ ಮುಂಡೇದೆ. ಇನ್ನೂ ತಂಡದ ಕನಸು ಕಾಣ್ತಿದೀಯಾ?" ಹೆಲ್ವಿಯ ದನಿ ಇಳಿಯಿತು. "ಅವನು ನಿನ್ನ ನೋಡಿದ್ದ ಕಣೋ."

"ಗೊತ್ತು." ಕೋಲ್ಬಿ ಕೊಡಲಿಯನ್ನು ದಿಮ್ಮಿಗೆ ಒರಗಿಸಿದ. "ನಕ್ಕ. ನಾನು ಆಗ್ಲೇ ಹೊರಟುಬಿಟ್ಟಿದ್ದೆ, ನಿಲ್ಲಿಸ್ಬೋದಿತ್ತು. ನಿಲ್ಲಿಸ್ಲಿಲ್ಲ."

"ಅಷ್ಟನ್ನೂ ನೀನೇ ಹೇಳು. ಕೋಚಿನದ್ದೂ ಸೇರಿಸಿ. ನೀನು ಹೇಳಿದ್ರೆ ನಾನು ಪಕ್ಕದಲ್ಲಿ ನಿಂತಿರ್ತೀನಿ. ಹೇಳದಿದ್ರೆ, ಕೇಳಿದವರಿಗೆ ನಾನು ಹೇಳ್ತೀನಿ."

ಅವನು ಕೋಟು ಹಾಕಿಕೊಂಡ. ಒಲೆಯಲ್ಲಿ ಪಾಸ್ಟಿ ಬೇಯುತ್ತಿತ್ತು. ಉಣ್ಣದೆ ಹೋದ. ಕಾಯಿಸಿದ ಸೌನಾ ಯಾರೂ ಮೀಯದೆ ಆರಿತು.

ಕೋರ್ಟಿನಲ್ಲಿ ಕೋಲ್ಬಿ ಬಾಯಿ ಬಿಡಲಿಲ್ಲ. ಹೆಲ್ವಿ ಹಿತ್ತಿಲಲ್ಲಿ ಅಂದದ್ದನ್ನು ತನ್ನ ವಕೀಲನಿಗೂ ಹೇಳಿರಲಿಲ್ಲ. ಹೆಲ್ವಿ ಕಟಕಟೆ ಹತ್ತಿ, ಹುಡುಗ ಒಳ್ಳೆಯವನು, ಕೆಲಸಗಳ್ಳನಲ್ಲ, ಐನೊ ಹಾಸಿಗೆ ಹಿಡಿದಾಗ ಅವನ ಮೈ ಒರೆಸಿದವನು ಎಂದಳು. ಅವನ ವಕೀಲ ಸಮಾಧಾನದಿಂದ ಮುಂದಿನದನ್ನು ಕೇಳಿದ: "ಇಷ್ಟು ಹುಡುಗರನ್ನ ಸಾಕಿದ್ದೀರಿ. ಇಂಥದ್ದೆಲ್ಲ ಆಟದಲ್ಲಿ ಇದ್ದಿದ್ದೇ ಅಲ್ವಾ, ಅಮ್ಮ?"

"ಅಲ್ಲ," ಎಂದಳು ಹೆಲ್ವಿ. "ನನ್ನ ಗಂಡನ ಕಿವಿ ಒಡೆದಾಗಲೂ ಇದೇ ಮಾತು ಹೇಳಿದ್ರು. ಹೊಡೆದೋನು ಬೇರೆಯವರ ಮಗ ಆಗಿದ್ದಾಗ ನಾನು ಉಗಿದ ಮಾತನ್ನ, ನನ್ನ ಮನೇಲಿ ಉಂಡೋನು ಹೊಡೆದ ಅಂತ ನುಂಗೋಕಾಗಲ್ಲ." ಆಮೇಲೆ ಸರ್ಕಾರಿ ವಕೀಲೆ ಕೇಳಿದ್ದಕ್ಕೆಲ್ಲ ಉತ್ತರಿಸಿದಳು: ಎಮ್ಮೆಟ್ ನಕ್ಕಿದ್ದು, ಕೋಲ್ಬಿ ಅದನ್ನು ಕಂಡಿದ್ದು. ಕೋಚು ತಟ್ಟಿದ್ದನ್ನೂ ಹೇಳಿದಳು, ಯಾರೂ ಕೇಳದಿದ್ದರೂ. "ಹುಡುಗನನ್ನ ಹಿಡಿದ್ರಿ, ಸರಿ. ಅಟ್ಟಿದೋನು ಎಲ್ಲಿ?" ಜಡ್ಜ್ ಅದನ್ನು ಬಿಡಿ ಎಂದರು.

ಕೋಲ್ಬಿಗೆ ಜೈಲಾಯಿತು. ಕೋಚು, "ಹುರಿದುಂಬಿಸಲು ಎಲ್ಲರ ಹೆಗಲೂ ತಟ್ಟುತ್ತೇನೆ," ಎಂದು ಪತ್ರಿಕೆಗೆ ಹೇಳಿದ. ಈಗಲೂ ಅದೇ ಬೆಂಚಿನ ಹಿಂದೆ ನಿಲ್ಲುತ್ತಾನೆ. ಕಾಫಿ ಅಂಗಡಿಯಲ್ಲಿ ಹೆಲ್ವಿ ಕೂತ ಮೇಜಿಗೆ ಯಾರೂ ಬರುವುದಿಲ್ಲ. ಮುಷ್ಕರದಲ್ಲಿ ಅವಳ ತೋಳು ಹಿಡಿದು ನಿಂತಿದ್ದ ಮುದುಕರೂ ಬರುವುದಿಲ್ಲ. ತಮ್ಮವರ ಸಾಲು ಮುರಿದವರನ್ನು ಅವರು ಎಂದೂ ಮಾತಾಡಿಸಿದವರಲ್ಲ.

ಎಮ್ಮೆಟ್ ಬಹಳ ದಿನ ಅವಳ ಫೋನು ಎತ್ತಿಸಲಿಲ್ಲ. ಹಿಮ ಕರಗಿದ ಮೇಲೆ ಬರಹೇಳಿದ. ಅವಳು ಹೋಗಿ ಮಂಚದ ಪಕ್ಕ ಕೂತಳು.

"ಹೇಳ್ಬೇಡ ಅಂದಿದ್ದೆ."

"ಅಂದಿದ್ದೆ."

"ಮೂಗು ಕೆರೀತಿದೆ."

ಹೆಲ್ವಿ ಕೆರೆದಳು.

"ಇನ್ನೂ ಮೇಲೆ. ಹಾಂ." ಅವನು ಕಣ್ಣು ಮುಚ್ಚಿದ. "ಕೋಲ್ಬಿ ಹೇಗಿದಾನೆ?"

"ಜೈಲಿಗೆ ಹೋದಾಗಲೆಲ್ಲ ಕಾದು ಬರ್ತೀನಿ. ನನ್ನ ನೋಡೋಕೆ ಹೊರಗೇ ಬರಲ್ಲ ಅಂತಾನಂತೆ."

"ಮತ್ತೆ ಹೋಗು."

"ಹೋಗ್ತೀನಿ," ಎಂದಳು ಹೆಲ್ವಿ. ಅವನು ಹೇಳುವ ಮೊದಲೇ ಅವನ ಹಣೆಯ ಮೇಲೆ ಕೂತ ನೊಣವನ್ನು ಓಡಿಸಿದಳು.