ಅಕ್ಕ ಸುತ್ತಿದ ತಾಮ್ರದ ಸುರುಳಿ

ನಾನು ಏಳನೆಯ ತರಗತಿಯ ಹುಡುಗನಾಗಿದ್ದಾಗ ನಮ್ಮ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯೊಳಗೇ ಇತ್ತು. ಆದ್ದರಿಂದ ಇದು ತೊಂಬತ್ತೇಳಕ್ಕಿಂತ ಹಿಂದಿನ ಮಾತೆಂದು ಖಚಿತವಾಗಿ ಹೇಳಬಲ್ಲೆ.

ಹತ್ತನೆಯ ತರಗತಿಯಲ್ಲಿದ್ದ ಅಕ್ಕ ವಿಜ್ಞಾನ ಪ್ರದರ್ಶನಕ್ಕಾಗಿ ಹಲಗೆಯ ಮೇಲೆ ಪುಟ್ಟ ರೈಲುಮಾರ್ಗವನ್ನು ಕಟ್ಟಿದಳು. ಹಳಿ ಕವಲೊಡೆಯುವಲ್ಲಿ, ಸುಟ್ಟ ಪಂಪ್‌ಸೆಟ್ಟಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಪೆನ್ನಿನ ಕೊಳವೆಗೆ ಸುತ್ತಿ, ಒಳಗೆ ಹಳಿಗೆ ಜೋಡಿಸಿದ ಮೊಳೆಯೊಂದನ್ನು ಇಟ್ಟಿದ್ದಳು. ಕರೆಂಟು ಹರಿದೊಡನೆ ಸುರುಳಿ ಮೊಳೆಯನ್ನು ಒಳಕ್ಕೆ ಜಗ್ಗಿ, ಹಳಿ ಟಕ್ಕೆಂದು ಪಕ್ಕಕ್ಕೆ ಸರಿಯುತ್ತಿತ್ತು. ಸುತ್ತಿ ಸುತ್ತಿ ಅವಳ ಬೆರಳುಗಳಲ್ಲಿ ಗೆರೆಗಳು ಬಿದ್ದಿದ್ದವು.

"ಗೆದ್ರೆ ಮೈಸೂರ್ಗೆ ಕಳುಸ್ತೀನಿ ಕಣಮ್ಮಿ, ಸೈನ್ಸ್ ಓದು. ಇಲ್ದಿದ್ರೆ ಓದು ಸಾಕ್ ಬುಡು, ಗಂಡು ನೋಡ್ತೀನಿ," ಎಂದರು ಅಪ್ಪ. ಬಳಿಕ ನನ್ನತ್ತ ತಿರುಗಿ, "ನೋಡ್ಲಾ, ಅವ್ಳು ರೈಲೇ ಓಡುಸ್ತಾವ್ಳೆ. ನಿಂಗೆ ಸೈಕಲ್ ಚೈನ್ ಆಕಕ್ಕೂ ಬರಕಿಲ್ಲ," ಎಂದು ನಕ್ಕರು.

ಪ್ರದರ್ಶನದ ದಿನ, ಸುರುಳಿಗೆ ಕರೆಂಟು ಹರಿಸಲು ಜೋಡಿಸಿದ್ದ ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಒತ್ತುವ ಕೆಲಸ ನನ್ನದಾಯಿತು. "ಒತ್ತಿದ್ ತಕ್ಷಣ ಬುಟ್ಬುಡು ಕಣ್ಲಾ. ಇಡ್ಕಂಡ್ರೆ ಸುಟ್ಟೋಯ್ತದೆ," ಎಂದು ಅಕ್ಕ ಹತ್ತು ಸಲ ಹೇಳಿದ್ದಳು.

ಮೈಸೂರಿನಿಂದ ಬಂದಿದ್ದ ತೀರ್ಪುಗಾರರು ನಮ್ಮ ಮೇಜಿನ ಮುಂದೆ ನಿಂತರು. ಅಕ್ಕ ವಿವರಿಸತೊಡಗಿದಳು. ನಾನು ಗುಂಡಿಯನ್ನು ಒತ್ತಿದೆ, ಬಿಡಲಿಲ್ಲ. ಮೊದಲು ವಾರ್ನಿಷ್ ಕಾದ ವಾಸನೆ ಬಂತು, ಆಮೇಲೆ ನೀಲಿ ಹೊಗೆ. ಕೊಳವೆ ಕರಗಿ ಮೊಳೆ ಕಚ್ಚಿಕೊಂಡಿತು. ಹಳಿ ಅರ್ಧಕ್ಕೇ ನಿಂತಿತು, ರೈಲು ಉರುಳಿ ನೆಲಕ್ಕೆ ಬಿತ್ತು. ತೀರ್ಪುಗಾರರು ಏನನ್ನೋ ಬರೆದುಕೊಂಡು ಮುಂದಿನ ಮೇಜಿಗೆ ನಡೆದರು.

ಮನೆಯಲ್ಲಿ ಅಕ್ಕ, "ಇವ್ನು ಬೇಕೂಂತ್ಲೇ ಇಡ್ಕಂಡ ಕಣಪ್ಪ," ಎಂದಳು.

"ಇಲ್ಲಪ್ಪ, ಮುಟ್ಟಿ ಬುಟ್ಬುಟ್ಟೆ. ಅವ್ಳು ಸುತ್ತಿರದೇ ಸರಿ ಇಲ್ಲ," ಎಂದೆ.

"ತಪ್ಪು ಮಾಡ್ಬುಟ್ಟು ತಮ್ಮನ್ ಮ್ಯಾಲ್ ಆಕ್ತೀಯಾ?" ಅಪ್ಪನ ಏಟಿಗೆ ಅಕ್ಕನ ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದವು. ನಾನು ಅದನ್ನು ನೋಡಿ ಸಂತೋಷಪಟ್ಟೆ. ಆ ವರ್ಷ ಅವಳು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಅಪ್ಪ ಮಾತಿಗೆ ತಪ್ಪಲಿಲ್ಲ. ಚಂದಕವಾಡಿಯಲ್ಲಿ ಗಂಡು ಗೊತ್ತುಮಾಡಿದರು.

ಮಕ್ಕಳೇ, ನಿಮ್ಮ ಆಟದ ರೈಲಿನ ಹಳಿ ಮೊಬೈಲನ್ನು ಮುಟ್ಟಿದರೆ ಸರಿಯುತ್ತದೆ. ಎಷ್ಟು ಹೊತ್ತು ಒತ್ತಿಹಿಡಿದರೂ ಕರೆಂಟು ತಾನೇ ನಿಲ್ಲುತ್ತದೆ, ಕೆಡಿಸಬೇಕೆಂದರೂ ಕೆಡದು. ನೀವಿಬ್ಬರೂ ಸರದಿಗಾಗಿ ಜಗಳವಾಡಿ ಐದೇ ನಿಮಿಷದಲ್ಲಿ ಒಂದಾಗುತ್ತೀರಿ. ಅಕ್ಕ ನಮ್ಮ ಮನೆಗೆ ಬರುವ ದಿನ ಆ ಹಳಿ, ರೈಲನ್ನೆಲ್ಲ ಬಿಚ್ಚಿ ಪೆಟ್ಟಿಗೆಗೆ ಏಕೆ ಹಾಕಿಸುತ್ತೇನೆಂದು ಕೇಳಿದಿರಲ್ಲ? ಅಂದು ಗುಂಡಿಯಿಂದ ಬೆರಳನ್ನು ಬೇಕೆಂದೇ ತೆಗೆಯಲಿಲ್ಲವೆಂದು ನಾನು ಅವಳೆದುರು ಇಂದಿಗೂ ಒಪ್ಪಿಕೊಂಡಿಲ್ಲ.