ತಂಗಿಯ ಬಿಳಿ ಹರಳಿನ ಬಾಟಲಿ

ತಂಗಿಯ ಬಾಟಲಿಯ ಮುಚ್ಚಳ ತೆಗೆದವನು ನಾನು. ಇಷ್ಟು ಹೇಳಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಕೊಂಡು, ಡಬ್ಬಿಗೆ ತುಂಬಿ ಬಸ್ಸಿಗೆ ಹಾಕುತ್ತೇನೆ. ತಂಗಿ ಬಳ್ಳಾರಿಯಲ್ಲಿ ಎಮ್ಮೆಸ್ಸಿ ಓದುತ್ತಿದ್ದಳು. ತಾನೇ ತಯಾರಿಸಿದ ಬಿಳಿ ಹರಳುಗಳನ್ನು ಪರೀಕ್ಷೆಗೆಂದು ದಾವಣಗೆರೆಗೆ ಒಯ್ಯುವಾಗ ಎರಡು ದಿನ ಮನೆಯಲ್ಲಿ ಉಳಿದಳು. ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿತ್ತು.

“ಇದು ಕಲ್ಲಿನ ಜಾತಿದು ಅಣ್ಣ. ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಅದಾವ. ಹೊಗಿಯೊಳಗಿನ ಕಾರ್ಬನ್ ಡೈಆಕ್ಸೈಡ್ ಬಂದು ಆ ತೂತಿನ್ಯಾಗ ಸಿಕ್ಕೊಂತೈತಿ.”

“ಜರಡಿ ಮಾಡಾಕ ಎಮ್ಮೆಸ್ಸಿ ಓದಬೇಕೇನ?”

“ನಿನ್ನ ತಲ್ಯಾಗೂ ತೂತದಾವ, ಹೇಳಿದ್ದು ಒಂದೂ ನಿಲ್ಲಂಗಿಲ್ಲ. ಮುಚ್ಚಳ ಮಾತ್ರ ತೆಗಿಬ್ಯಾಡ. ಒಳಗ ತೇವ ಹೊಕ್ರ ತೂತೆಲ್ಲಾ ನೀರೇ ತುಂಬ್ಕೊಂತೈತಿ.”

ನನ್ನ ತಲೆಯಲ್ಲಿ ನಿಂತಿದ್ದು ಕೊನೆಯ ಮಾತೊಂದೇ, ಅದೂ ತಲೆಕೆಳಗಾಗಿ. ಮಳೆಗಾಲದ ಮೊಗ್ಗು ಒದ್ದೆಯಾಗಿಯೇ ಬರುತ್ತದೆ. ಡಬ್ಬಿಯ ತಳದಲ್ಲಿ ನೀರು ನಿಂತು ಊರು ಮುಟ್ಟುವಷ್ಟರಲ್ಲಿ ಮೊಗ್ಗು ಕಪ್ಪಾಗುತ್ತದೆ. ನೀರು ಹೀರುವ ಹರಳು ಮನೆಯಲ್ಲೇ ಇದೆಯಲ್ಲ ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವಳು ಗೆಳತಿಯನ್ನು ನೋಡಲು ಹೋದಾಗ, ಬಾಟಲಿಯಲ್ಲಿದ್ದಷ್ಟನ್ನೂ ತೆಳು ಬಟ್ಟೆಯಲ್ಲಿ ಕಟ್ಟಿ ಡಬ್ಬಿಯ ತಳಕ್ಕಿಟ್ಟು ಮೊಗ್ಗು ಸುರಿದೆ.

ಸ್ವಲ್ಪ ಹೊತ್ತಿಗೆ ಕೈ ಹಾಕಿದರೆ, ನೀರು ಹೀರಿದ ಗಂಟು ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಂತೆ ಬಿಸಿಯಾಗಿತ್ತು. ತಾಗಿದ ಮೊಗ್ಗುಗಳೆಲ್ಲ ಬೆಂದಂತೆ ಕಂದಿದ್ದವು. ಹೆದರಿ ಹೊರಗೆ ತೆಗೆದೆ. ಬಿಸಿಲು ಬಂದಷ್ಟು ಹೊತ್ತು ಮಾಳಿಗೆಯ ಮೇಲೆ ಒಣಗಿಸಿ, ಬಾಟಲಿಗೆ ತುಂಬಿ, ಮೊದಲಿನಂತೆಯೇ ಟೇಪು ಸುತ್ತಿದೆ. ನೋಡಲು ಏನೂ ಬದಲಾಗಿರಲಿಲ್ಲ. ಅವಳು ದಾವಣಗೆರೆಗೆಂದು ಹರಪನಹಳ್ಳಿ ಬಸ್ಸು ಹತ್ತುವಾಗ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಆಗಲಾದರೂ ಹೇಳಬಹುದಿತ್ತು. ಕೈ ಬೀಸಿದೆ.

ದಾವಣಗೆರೆಯ ಪರೀಕ್ಷೆಯಲ್ಲಿ ಹರಳು ಏನನ್ನೂ ಹಿಡಿಯಲಿಲ್ಲವಂತೆ. “ನಾನೇ ಎಲ್ಲೋ ತಪ್ಪು ಮಾಡೇನಿ” ಎಂದು ಫೋನಿನಲ್ಲಿ ಅತ್ತಳು. “ಇನ್ನೊಮ್ಮೆ ಮಾಡು, ಬರ್ತೈತಿ” ಎಂದೆ. ಎಂಥ ಅಣ್ಣ! ಇದ್ದುದೆಲ್ಲ ಚೆಲ್ಲಿ ಮೊದಲಿಂದ ಶುರು ಮಾಡಿದಳು. ರಜೆಗೆಂದು ಮನೆಗೆ ಬಂದಾಗ ರಾಸಾಯನಿಕ ತಾಗಿ ತಾಗಿ ಅವಳ ಬೆರಳುಗಳ ಚರ್ಮ ಸುಲಿದಿತ್ತು. ಊಟಕ್ಕೆ ಕುಳಿತವಳ ಕೈ ನೋಡಲಾಗದೆ ಎಲ್ಲ ಹೇಳಿಬಿಟ್ಟೆ.

ಬೈಯುತ್ತಾಳೆಂದುಕೊಂಡಿದ್ದೆ. ತುತ್ತು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅವತ್ತ ಹೇಳಿದ್ದರ ಒಂದು ರಾತ್ರಿ ಭಟ್ಟ್ಯಾಗಿಟ್ಟು ಕಾಸ್ತಿದ್ದೆ. ನೀರು ಬಿಟ್ಟು ಮೊದಲಿನಂಗ ಆಗ್ತಿತ್ತು. ಹರಳು ಕೆಟ್ಟಿರಲಿಲ್ಲ ಅಣ್ಣ.”

ಈಗಲೂ ಅವಳು ದಾವಣಗೆರೆಗೆ ಹೋಗುವಾಗ ಮನೆಗೆ ಬಂದು ಹೋಗುತ್ತಾಳೆ. ನಗುತ್ತಾಳೆ, ಮೊದಲಿನಂತೆಯೇ ಹಂಗಿಸುತ್ತಾಳೆ. ಬಾಟಲಿ ಮಾತ್ರ ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ಸ್ನಾನಕ್ಕೆ ಹೋಗುವಾಗ ಬ್ಯಾಗನ್ನು ಅವ್ವನ ಕೈಗೆ ಕೊಟ್ಟು ಹೋಗುತ್ತಾಳೆ.